ಹಸಿಗಾಗಿ ಇಡು

ಬ್ರೊಲ್ಗಾ ಬೋರ್ ಶಾಲೆ
ಕ್ಯಾಥರೀನ್ ಅಂಚೆ
4 ಆಗಸ್ಟ್ 1978

ಪ್ರಿಯ ಮಿಸ್ ಲಿಂಡ್ನರ್,

ಕ್ಯಾಥರೀನ್ ಪಟ್ಟಣದ ತರಬೇತಿಯಲ್ಲಿ ನೀವು ಕೊಟ್ಟ ಸರ್ಟಿಫಿಕೇಟನ್ನು ನನ್ನ ಮೇಜಿನ ಹಿಂದಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಆಟದ ಮೇಷ್ಟ್ರಾಗಿ ಈ ಊರಿಗೆ ಬಂದವನು ವಿಜ್ಞಾನದ ಮೇಷ್ಟ್ರೂ ಹೌದು ಎನ್ನುವುದಕ್ಕೆ ಬೇರೆ ಸಾಕ್ಷಿ ನನ್ನ ಹತ್ತಿರ ಇಲ್ಲ. ನನ್ನ ಜೊತೆಗೆ ಪಾಠ ಮಾಡುವ ಐವಿ ಅದನ್ನು ನೋಡಿ, "ಚೆನ್ನಾಗಿದೆ ಮೇಷ್ಟ್ರೇ, ಗೋಡೆಯ ತೂತು ಮುಚ್ಚಿತು" ಅಂದಳು.

ನೀವು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡುತ್ತಿದ್ದೇನೆ. ನೀವು ಕೊಟ್ಟ ಪೆಟ್ಟಿಗೆಯ ಭೂತಗನ್ನಡಿಗಳಿಂದ ಮಕ್ಕಳು ಶಾಲೆಯಲ್ಲಿರುವ ಇರುವೆಗಳನ್ನೆಲ್ಲ ನೋಡಿ ಮುಗಿಸಿದರು. ಈ ವಾರ ಉಗ್ರಾಣ ತೆರೆದೆವು. ಅದು ತರಗತಿಯ ಹಿಂಗೋಡೆಗೆ ಅಂಟಿಕೊಂಡಿರುವ ತಗಡಿನ ಕೋಣೆ, ಹಿಂದೆ ನರ್ಸಮ್ಮನ ಕ್ಲಿನಿಕ್ ಆಗಿತ್ತು. ಅವರು ಬಿಟ್ಟುಹೋದ ಸಾಮಾನಿನ ನಡುವೆ ಒಂದು ಗಾಜಿನ ಬಾಟಲಿ ಸಿಕ್ಕಿತು. ಒಳಗೆ ಅರೆದ ಸಾಸಿವೆಯಂಥ ಗಾಢ ಹಳದಿ ಗಸಿ, ಅದರ ಮೇಲೆ ಸ್ವಲ್ಪ ನೀರು. ಚೀಟಿಯನ್ನು ಹುಳ ತಿಂದಿದೆ, "ಪಿಕ್" ಅನ್ನುವಷ್ಟು ಮಾತ್ರ ಉಳಿದಿದೆ. "ಪಿಕ್ನಿಕ್ ಇರಬೇಕು" ಅಂದಳು ಐವಿ. ಮುಚ್ಚಳದಲ್ಲಿ ಸೀಳು ಬಿಟ್ಟಿದೆ. ಹೊರಗೆ ಜಿನುಗಿದ್ದು ತಾಗಿ ನನ್ನ ಬೆರಳು ಹಳದಿಯಾಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಬೆರಳಿಗೆ ಹೀಗೆ ಹಿಡಿದದ್ದು ಉಣ್ಣೆಗೆ ಹೇಗೆ ಹಿಡಿಯಬೇಡ? ಮಕ್ಕಳಿಂದ ಉಣ್ಣೆಗೆ ಬಣ್ಣ ಹಾಕಿಸೋಣ ಎಂದುಕೊಂಡಿದ್ದೇನೆ. ಏನಂತೀರಿ?

ಇಲ್ಲಿ ಒಣ ಜೋರಾಗಿದೆ. ನಮಗಿರುವುದು ಎರಡೇ ಕಾಲ, ಒಣ ಮತ್ತು ಹಸಿ. ಹಸಿ ಎಂದರೆ ಮಳೆಗಾಲ, ಅದು ಬರುವವರೆಗೆ ದೂಳು ತಿನ್ನುವುದೇ ಕೆಲಸ. ನಿಮ್ಮ ಅಡಿಲೇಡ್‌ನಲ್ಲಿ ನಾಲ್ಕು ಕಾಲವಂತೆ, ಅಷ್ಟನ್ನು ಇಟ್ಟುಕೊಂಡು ಏನು ಮಾಡುತ್ತೀರೋ.

ವಂದನೆಗಳೊಂದಿಗೆ,
ಡೆಸ್ಮಂಡ್ ಟ್ರೆಗಿಯ


ವಿಜ್ಞಾನ ಶಿಕ್ಷಕರ ಸಾಮಗ್ರಿ ಕೇಂದ್ರ
ಅಡಿಲೇಡ್
11 ಆಗಸ್ಟ್ 1978

ಪ್ರಿಯ ಡೆಸ್,

ನಿನ್ನ ಪತ್ರ ಇವತ್ತು ಬೆಳಗ್ಗೆ ಬಂತು. ಈ ಉತ್ತರ ನಿನ್ನ ಕೈ ಸೇರುವುದು ಯಾವಾಗಲೋ ಎಂದು ಒಂದು ಟೆಲಿಗ್ರಾಮನ್ನೂ ಕಳಿಸಿದ್ದೇನೆ. ಅದು ಇಷ್ಟರಲ್ಲಿ ತಲುಪಿರುತ್ತದೆ. ನಿಮ್ಮ ಕಡೆ ಟೆಲಿಗ್ರಾಂ ಎಂದರೆ ರೇಡಿಯೋದಲ್ಲಿ ಊರಿಗೆಲ್ಲ ಕೇಳುವಂತೆ ಓದುತ್ತಾರೆ ಎಂದು ಗೊತ್ತು. ತಾಯಿ ತಂದೆಯರು ಸುಮ್ಮನೆ ಹೆದರುವುದು ಬೇಡವೆಂದು ಎರಡೇ ಮಾತು ಬರೆದೆ: ಹಳದಿ ಬಾಟಲಿ ತೆರೆಯಬೇಡ, ಹಸಿಯಾಗಿ ಇಡು.

ಉಳಿದದ್ದನ್ನು ನಿನಗೆ ಹೇಳಬೇಕಾಗಿಲ್ಲ. ತರಬೇತಿಯ ಕೊನೆಯ ದಿನ ಮಧ್ಯಾಹ್ನದ ಪಾಠ ಪೂರ್ತಿ ಇಂಥ ಬಾಟಲಿಗಳ ಬಗ್ಗೆಯೇ ಇತ್ತಲ್ಲ. ನಿನ್ನದು ಪಿಕ್ರಿಕ್ ಆಮ್ಲ, ನನಗೆ ಅನುಮಾನವೇ ಇಲ್ಲ. ಸುಟ್ಟ ಗಾಯಕ್ಕೆ ಹಚ್ಚಲು ಹಿಂದೆ ನರ್ಸುಗಳು ಇಟ್ಟುಕೊಳ್ಳುತ್ತಿದ್ದರು. ನೀರಿನಡಿ ಇರುವವರೆಗೆ ಅದು ಸಾಧು. ಒಣಗಿತೆಂದರೆ ಸಿಡಿಮದ್ದು. ಅಲ್ಲಾಡಿಸಿದರೆ ಸಾಕು, ಮುಚ್ಚಳ ತಿರುಗಿಸಿದರೆ ಸಾಕು. ಈಗ ನೀರು ಇದೆ ಎಂದು ಬರೆದಿದ್ದೀಯ, ಹಾಗಾಗಿ ಗಾಬರಿ ಬೀಳುವ ಮಾತಲ್ಲ. ಇದ್ದಲ್ಲೇ ಇರಲಿ. ಅದರ ಸುತ್ತ ಒದ್ದೆ ಗೋಣಿ ಇಡು, ಕೋಣೆಗೆ ಬೀಗ ಹಾಕು, ಮಕ್ಕಳು ಹತ್ತಿರ ಸುಳಿಯದಿರಲಿ. ತೆಗೆದುಕೊಂಡು ಹೋಗುವವರನ್ನು ನಾನು ಹುಡುಕುತ್ತೇನೆ.

ಬೆರಳಿನ ಬಣ್ಣ ತಾನಾಗಿ ಹೋಗುತ್ತದೆ, ಹೆದರಬೇಡ.

ಇನ್ನೊಂದು ಮಾತು. ನಾನು ತಂದಿದ್ದ ಕೊಬ್ಬರಿ ಹೊದಿಸಿದ ಲ್ಯಾಮಿಂಗ್ಟನ್ ಕೇಕಿನ ಕೊನೆಯ ಎರಡು ಡಬ್ಬಿಗಳನ್ನು ಆ ಸಂಜೆ ಯಾರೂ ಮುಟ್ಟಲೇ ಇಲ್ಲ. ತೊಡೆಯ ಮೇಲಿಟ್ಟುಕೊಂಡು ವಿಮಾನದಲ್ಲಿ ವಾಪಸು ತಂದೆ. ನಮ್ಮ ನಾಯಿ ಇನ್ನೂ ತಿನ್ನುತ್ತಿದೆ. ಉತ್ತರದ ಮೇಷ್ಟ್ರುಗಳಿಗೆ ಹಸಿವೇ ಆಗುವುದಿಲ್ಲವೋ?

ನಿನ್ನ,
ವೆರೆನಾ ಲಿಂಡ್ನರ್

ಈ ಪತ್ರ ತಲುಪಿದ ದಿನವೇ ಒಂದು ಸಾಲು ಬರೆ. ಒಂದೇ ಸಾಲು ಸಾಕು. ಆದರೆ ಬರೆ.


ಬ್ರೊಲ್ಗಾ ಬೋರ್
24 ಆಗಸ್ಟ್ 1978

ಪ್ರಿಯ ಮಿಸ್ ಲಿಂಡ್ನರ್,

ಅಂಚೆ ವಿಮಾನ ಇಳಿಯುವಾಗ ಗಾಲಿ ಮುರಿದುಕೊಂಡು ಎಲ್ಲೋ ಕೂತಿದೆ, ಎರಡು ವಾರದಿಂದ ನಮಗೆ ಅಂಚೆಯಿಲ್ಲ. ನೀವು ಪತ್ರ ಬರೆದಿದ್ದರೆ ಅದೂ ಆ ವಿಮಾನದ ಚೀಲದೊಳಗೆ ಇರಬೇಕು. ಇದನ್ನು ದನ ಸಾಗಿಸುವ ಲಾರಿಯವನ ಕೈಲಿ ಕೊಡುತ್ತಿದ್ದೇನೆ. ಕ್ಯಾಥರೀನ್‌ನಲ್ಲಿ ಅಂಚೆಗೆ ಹಾಕುತ್ತೇನೆಂದು ಅವನು ತನ್ನ ತಾಯಿಯ ಮೇಲೆ ಆಣೆ ಮಾಡಿದ್ದಾನೆ.

ನಿಮ್ಮ ಟೆಲಿಗ್ರಾಂ ಮಾತ್ರ ಬಂತು. ನಮ್ಮ ಟೆಲಿಗ್ರಾಂಗಳನ್ನೆಲ್ಲ ಪಕ್ಕದ ದನದ ಫಾರಂನ ಡಲ್ಸಿ ಪೆಟ್‌ಫೋರ್ಡ್ ರೇಡಿಯೋದಲ್ಲಿ ಕೇಳಿ ಬರೆದುಕೊಂಡು, ನಮಗೆ ಓದಿ ಹೇಳುತ್ತಾರೆ. ಪಕ್ಕ ಎಂದರೆ ಅರ್ಧ ದಿನದ ದಾರಿ. "ಡೆಸ್, ನಿನ್ನ ಅಡಿಲೇಡ್ ಮೇಡಂದು ಬಂದಿದೆ ಕಣೋ, ಬರ್ಕೋ. ಹಳದಿ ಬಾಟಲಿ ತೆರೀಬೇಡ. ಹಸಿಗಾಗಿ ಇಡು."

ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ದಕ್ಷಿಣದವರು ನಮ್ಮ ಕಾಲಗಳನ್ನು ಗೇಲಿ ಮಾಡುತ್ತಾರೆ, ನೀವು ನೋಡಿದರೆ ನಮ್ಮ ಮಾತಿನಲ್ಲೇ ಹೇಳಿದಿರಿ. ನಿಜ, ಬಣ್ಣ ಹಾಕಲು ನೀರು ಬೇಕು, ಈಗ ಬೋರಿನ ನೀರು ಕುಡಿಯಲಿಕ್ಕೇ ಸಾಲದು. ನನಗೆ ಅದು ಹೊಳೆದಿರಲಿಲ್ಲ. "ಹಸಿಗೆ ಅಂದ್ರೆ ಹಸಿಗೇ, ಅದಕ್ಕೆ ಮುಂಚೆ ಯಾರೂ ಮುಟ್ಟಂಗಿಲ್ಲ" ಎಂದು ಐವಿ ಮಕ್ಕಳಿಗೂ ಹೇಳಿದಳು.

ಹಸಿ ಬರುವವರೆಗೆ ಕೆಡದಿರಲಿ ಎಂದು ಅದನ್ನು ಎಲ್ಲಕ್ಕಿಂತ ಮೇಲಿನ ಹಲಗೆಗೆ, ತಗಡಿನ ಚಾವಣಿಯ ಕೆಳಗೆ ಏರಿಸಿದ್ದೇನೆ. ಅಲ್ಲಿ ಸೆಕೆ ಕುಲುಮೆಯಂತಿದೆ. ನೀರೆಲ್ಲ ಇಂಗಿ, ಗಸಿ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಟ್ಟಿದೆ. ಮುಚ್ಚಳದ ಅಂಚಿಗೆ, ಜಾಮ್ ಶೀಶೆಗೆ ಸಕ್ಕರೆ ಕಟ್ಟುತ್ತದಲ್ಲ, ಹಾಗೆ ಹಳದಿ ಹರಳು ಕಟ್ಟಿದೆ. ನೋಡಲು ಬಹಳ ಚೆಂದ.

ಮಕ್ಕಳಿಗೆ ಅದೊಂದು ಆಟವಾಗಿಬಿಟ್ಟಿದೆ. ವಾರಕ್ಕೊಬ್ಬರ ಸರದಿ, ಆ ವಾರದವರು ದಿನಾ ಬೆಳಗ್ಗೆ ಸ್ಟೂಲ್ ಹತ್ತಿ, ಬಾಟಲಿಯನ್ನು ಬೆರಳಲ್ಲಿ ತಟ್ಟಿ, "ಹಸಿ ಬಂತಾ?" ಎಂದು ಕೇಳಬೇಕು. ಕೆಳಗಿರುವವರೆಲ್ಲ "ಇನ್ನೂ ಇಲ್ಲಾ" ಎಂದು ಕೂಗಬೇಕು. ಮುಂದಿನ ವಾರ ಐವಿಯ ಮೊಮ್ಮಗಳು ಪರ್ಲ್‌ಳ ಸರದಿ ಶುರುವಾಗುತ್ತದೆ. ಅವಳು ಈಗಿನಿಂದಲೇ ಕುಣಿಯುತ್ತಿದ್ದಾಳೆ.

ಮಕ್ಕಳಿಗೆ ಕಾಯುವುದನ್ನು ಕಲಿಸುವ ಇಂಥ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಮುಂದಿನ ತರಬೇತಿಯಲ್ಲಿ ಬೇಕಾದರೆ ಹೇಳಿ, ನನ್ನ ಹೆಸರು ಹಾಕಿ.

ಡೆಸ್


ಅಡಿಲೇಡ್
31 ಆಗಸ್ಟ್ 1978, ಗುರುವಾರ

ಡೆಸ್,

ಇದು ನಿನಗೆ ಯಾವಾಗ ಸಿಗುತ್ತದೋ ಗೊತ್ತಿಲ್ಲ. ಸಿಗುವ ಹೊತ್ತಿಗೆ ಇದರಿಂದ ಉಪಯೋಗವಿಲ್ಲ ಎಂಬುದೂ ಗೊತ್ತು. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಊಟದ ಹೊತ್ತಿಗೆ ನಿನ್ನ ಪತ್ರ ಬಂತು. "ಹಸಿಗಾಗಿ" ಎಂಬಲ್ಲಿ ನಿಂತೆ, ನಾನು ಕಳಿಸಿದ್ದು "ಹಸಿಯಾಗಿ". ಮೊದಲು ನಗು ಬಂತು. ಆಮೇಲೆ ಹಲಗೆ, ತಗಡು, ಹರಳು ಎಂದು ಓದುತ್ತಾ ಹೋದಂತೆ ಊಟ ಬಿಟ್ಟು ಎದ್ದೆ. ಮಕ್ಕಳು ತಟ್ಟುತ್ತಾರೆ ಎಂದು ಬರೆದಿದ್ದೀಯ. ನಾನು ಆ ಸಾಲನ್ನು ಓದಿ ಓದಿ ನೋಡಿದೆ, ಬೇರೆ ಅರ್ಥ ಏನಾದರೂ ಹೊರಡುತ್ತದೋ ಎಂದು.

ನಿಮ್ಮ ಕಡೆಯ ಪೊಲೀಸರಿಗೆ ಫೋನ್ ಮಾಡಿದೆ. "ಮೇಡಂ, ಶಾಲೆ ಬಣ್ಣದ ಬಾಟಲಿಗೆ ನಾನು ಜೀಪ್ ಕಳಿಸ್ಲಾ?" ಎಂದು ಕೇಳಿದ ಅಲ್ಲಿದ್ದ ಸಾರ್ಜೆಂಟ್. ನಾನು ಕಿರುಚಿದೆ. ಇಷ್ಟು ವರ್ಷದ ನೌಕರಿಯಲ್ಲಿ ಫೋನಿನಲ್ಲಿ ಕಿರುಚಿದ್ದು ಇದೇ ಮೊದಲು. ಆಮೇಲೆ ಅವನೇ ಡಾರ್ವಿನ್‌ನ ಸೈನ್ಯದವರಿಗೆ ಹೇಳುತ್ತೇನೆಂದ.

ಟೆಲಿಗ್ರಾಂ ಕೊಟ್ಟೆ. ಈ ಸಲ ಯಾರು ಕೇಳಿದರೂ ಕೇಳಲಿ ಎಂದು ಬಿಡಿಸಿ ಬರೆದೆ. "ಬಾಟಲಿ ಸಿಡಿಯುತ್ತದೆ. ಯಾರೂ ಮುಟ್ಟಬೇಡಿ. ಮಕ್ಕಳನ್ನು ಶಾಲೆಯಿಂದ ದೂರ ಕರೆದೊಯ್ಯಿರಿ. ಅರ್ಥವಾದದ್ದನ್ನು ತಿರುಗಿ ಹೇಳಿ." ಇವತ್ತಿನ ರೇಡಿಯೋ ವೇಳೆ ಮುಗಿದಿದೆಯಂತೆ, ಓದುವುದು ನಾಳೆ ಬೆಳಗ್ಗೆಯೇ ಎಂದರು ಅಂಚೆಯವರು. ನಾಳೆ ಬೆಳಗ್ಗೆ ಪರ್ಲ್ ಸ್ಟೂಲ್ ಹತ್ತುತ್ತಾಳೆ.

ಒಂದು ಮಾತು ಕೇಳಲೇಬೇಕು. ಆ ಮಧ್ಯಾಹ್ನ ನಾನು ಅದೆಷ್ಟು ಸಲ ಹೇಳಿದೆ ಡೆಸ್! ಹಳದಿ ಚಿತ್ರ ಬರೆದು ತೋರಿಸಿದೆ. ಒಣಗಿಸಬೇಡಿ, ಒಣಗಿಸಬೇಡಿ ಎಂದು ಹಾಡಿನ ಹಾಗೆ ಹೇಳಿಸಿದೆ. ನೀನು ಕೇಳಿಸಿಕೊಳ್ಳಲೇ ಇಲ್ಲವೇ? ಏನು ಮಾಡುತ್ತಿದ್ದೆ, ನಿದ್ದೆಯೇ?

ಸಿಟ್ಟಲ್ಲ ಇದು. ನನಗೆ ಭಯವಾಗಿದೆ. ಈ ಭಯವನ್ನು ಆ ಮೊದಲ ಟೆಲಿಗ್ರಾಮಿನಲ್ಲೇ ಹಾಕಬೇಕಿತ್ತು. ಮರ್ಯಾದೆಯಿಂದ ಎರಡು ಮಾತು ಬರೆದು ಸುಮ್ಮನಾದೆ.

ವೆರೆನಾ


ಬ್ರೊಲ್ಗಾ ಬೋರ್, ಒಣಗಿದ ಹಳ್ಳದ ದಂಡೆ
1 ಸೆಪ್ಟೆಂಬರ್ 1978, ಶುಕ್ರವಾರ

ವೆರೆನಾ,

ಎಲ್ಲರೂ ಇದ್ದೇವೆ. ಅದನ್ನು ಮೊದಲು ಬರೆದುಬಿಡುತ್ತೇನೆ. ಡಲ್ಸಿ ನಿಮಗೆ ಆಗಲೇ ತಂತಿ ಕೊಟ್ಟಿದ್ದಾರೆ, ಆದರೂ ನನ್ನ ಕೈಯಿಂದಲೇ ಬರೆಯಬೇಕು ಎನಿಸಿತು. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ, ಕಾಗದವನ್ನು ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ.

ಬೆಳಗ್ಗೆ ಉಗ್ರಾಣದ ಬಾಗಿಲಲ್ಲಿ ಮಕ್ಕಳೆಲ್ಲ ಸೇರಿದ್ದರು. ಪರ್ಲ್ ಸ್ಟೂಲ್ ಮೇಲಿದ್ದಳು. ತಟ್ಟುವುದಷ್ಟೇ ಆಟ. ಆದರೆ ಇವತ್ತು ಅವಳು ಬಾಟಲಿಯನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದಳು.

"ಸರ್, ಒಳಗೆ ಗಲಗಲ ಅಂತಿದೆ!"

ಅಷ್ಟು ಹೊತ್ತಿಗೆ ತರಗತಿಯ ರೇಡಿಯೋದಲ್ಲಿ ಡಲ್ಸಿಯ ದನಿ ಬಂತು. ಯಾವತ್ತೂ ಹವಾಮಾನ, ಯಾರ ಮನೆಯಲ್ಲಿ ಮಗು ಹುಟ್ಟಿತು ಎಂದು ಶುರು ಮಾಡುವವರು ಇವತ್ತು ನೇರವಾಗಿ ಓದಿದರು. ಬಾಟಲಿ ಸಿಡಿಯುತ್ತದೆ. ಯಾರೂ ಮುಟ್ಟಬೇಡಿ. ಓದಿ ಮುಗಿಸಿದವರೇ ಕೂಗತೊಡಗಿದರು. "ಡೆಸ್, ಕೇಳಿಸ್ತಾ? ಏ ಮಗಾ, ಎಲ್ಲಿದ್ದೀಯೋ? ಮಾತಾಡೋ!"

ನನ್ನ ಕಾಲು ನೆಲಕ್ಕೆ ಅಂಟಿಹೋಯಿತು. ಸುಳ್ಳು ಯಾಕೆ ಹೇಳಲಿ, ಓಡಬೇಕು ಎನಿಸಿತು. ಮಾತಾಡಿದ್ದು ಐವಿ. ಬಾಗಿಲ ಹತ್ತಿರ ಇದ್ದಲ್ಲೇ ನಿಂತು, ಅಕ್ಕಿ ತರಲು ಹೇಳುವ ದನಿಯಲ್ಲಿ ಹೇಳಿದಳು.

"ಪರ್ಲ್, ಅಲ್ಲಾಡ್ಬೇಡ ಪುಟ್ಟಿ. ಹಂಗೇ ಇರು."

"ಯಾಕಜ್ಜಿ? ಹಸಿ ಬಂತಾ?"

"ಇನ್ನೂ ಇಲ್ಲ. ಮೇಷ್ಟ್ರು ಬರ್ತಾರೆ, ಹಂಗೇ ಹಿಡ್ಕೊಂಡಿರು."

ಅವಳು ಮೇಷ್ಟ್ರು ಬರ್ತಾರೆ ಅಂದದ್ದಕ್ಕೆ ನನ್ನ ಕಾಲು ಬಂತು. ನನ್ನ ಫುಟ್‌ಬಾಲ್ ಜರ್ಸಿ ಬಿಚ್ಚಿ, ಬಾಟಲಿ ಜಾರದಿರಲಿ ಎಂದು ಕುಡಿಯುವ ನೀರಿನ ಬಕೆಟ್‌ಗೆ ಅದ್ದಿ, ಹಲಗೆಯ ಮೇಲೆ ಮಡಿಸಿ ಹಾಸಿದೆ. ಬಾಟಲಿಯನ್ನು ನಾನು ತೆಗೆದುಕೊಳ್ಳಲೋ, ಅವಳೇ ಇಡಲೋ? ಕೈಯಿಂದ ಕೈಗೆ ಬದಲಾಯಿಸುವಾಗ ಜಾರಿದರೆ? "ನೀನೇ ಇಡು ಪರ್ಲ್, ಮೊಟ್ಟೆ ಇಟ್ಟ ಹಾಗೆ" ಅಂದೆ. ಇಟ್ಟಳು. ಸದ್ದಾಗಲಿಲ್ಲ. ಅವಳನ್ನು ಸೊಂಟ ಹಿಡಿದು ಇಳಿಸಿದಾಗ ಅವಳ ಅಂಗೈ ಪೂರ್ತಿ ಹಳದಿ. ಐವಿ ಹಿಂದೆ ನೋಡದೆ ಮಕ್ಕಳನ್ನೆಲ್ಲ ಹಳ್ಳಕ್ಕೆ ನಡೆಸಿಕೊಂಡು ಬಂದಳು. ಇಲ್ಲಿಗೆ ಬಂದ ಮೇಲೆ ಮರಳಿನ ಮೇಲೆ ಕೂತು, ಪರ್ಲ್‌ಳ ಕೈ ಉಜ್ಜಲು ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ.

ಇನ್ನು ನಾನು ಬರೆಯದೆ ಬಿಟ್ಟಿದ್ದ ವಿಷಯ. ಕೊನೆಯ ದಿನ ಮಧ್ಯಾಹ್ನ ನಾನು ಇರಲಿಲ್ಲ. ಬೆಳಗ್ಗೆಯೇ ನೀವು ಸರ್ಟಿಫಿಕೇಟ್ ಹಂಚಿದಿರಿ. ನಮ್ಮ ಕಡೆಗೆ ವಾರಕ್ಕೆ ಒಂದೇ ವಿಮಾನ, ಅದು ಆ ಮಧ್ಯಾಹ್ನ ಹೊರಟಿತು. ಅದು ತಪ್ಪಿದರೆ ಇನ್ನೊಂದು ವಾರ ಐವಿಯೊಬ್ಬಳೇ ಶಾಲೆ ನಡೆಸಬೇಕಿತ್ತು. ನಿಮ್ಮನ್ನು ಕೇಳಿದರೆ ಬೇಡವೆನ್ನುತ್ತೀರೆಂದು ಹೇಳದೆ ಎದ್ದು ಬಂದೆ. ಇಂಥ ಬಾಟಲಿಗಳ ಬಗ್ಗೆ ನೀವು ಹೇಳಿದ್ದರೆ ಅದು ಆ ಮಧ್ಯಾಹ್ನವೇ ಇರಬೇಕು, ನಾನು ಕೇಳಿಯೇ ಇಲ್ಲ. ನೀವು ಬರೆದದ್ದು "ಹಸಿಯಾಗಿ" ಎಂದಿರಬೇಕು, ಈಗ ಹೊಳೆಯುತ್ತಿದೆ. ಒಣಗಬಾರದು ಎಂದು ನನಗೆ ಗೊತ್ತಿದ್ದರೆ, "ಹಸಿಗಾಗಿ" ಎಂದು ಕೇಳಿದಾಗಲೇ ಎಲ್ಲೋ ತಪ್ಪಾಗಿದೆ ಎನಿಸುತ್ತಿತ್ತು.

ಡೆಸ್


ಬ್ರೊಲ್ಗಾ ಬೋರ್
13 ಸೆಪ್ಟೆಂಬರ್ 1978

ಪ್ರಿಯ ವೆರೆನಾ,

ವಿಮಾನ ರಿಪೇರಿಯಾಗಿ ಬಂತು. ನಿಮ್ಮ ಎರಡು ಪತ್ರಗಳೂ ಒಟ್ಟಿಗೇ ಸಿಕ್ಕವು. ಹಳ್ಳದ ದಂಡೆಯಲ್ಲಿ ಬರೆದದ್ದನ್ನೂ ಇದರ ಜೊತೆಗೇ ಕಳಿಸುತ್ತಿದ್ದೇನೆ. ಗಾಬರಿ ಬೀಳುವ ಮಾತಲ್ಲ ಎಂಬ ನಿಮ್ಮ ಸಾಲನ್ನು ಐವಿಗೆ ಓದಿ ಹೇಳಿದೆ. "ನಿಮ್ಮೇಡಂಗೆ ಹೇಳಿ, ಮುಂದಿನ ಸಲ ಮೊದ್ಲು ಗಾಬ್ರಿ ಬೀಳ್ಸಿ, ಆಮೇಲೆ ಕೇಕ್ ವಿಷ್ಯ ಬರೀಲಿ" ಅಂದಳು. ಬೈಗುಳವೇ ಅದು, ಮುಖದಲ್ಲಿ ನಗು ಇರಲಿಲ್ಲ.

ಸೈನ್ಯದ ಇಬ್ಬರು ಬಂದು ಬಾಗಿಲಿಂದ ಒಂದು ಸಲ ಇಣುಕಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಿಂದಕ್ಕೆ ಹೆಜ್ಜೆ ಇಟ್ಟರು. ಎತ್ತಿ ಹೊರಗೆ ತರುವ ಮಾತೇ ಇಲ್ಲವೆಂದರು. ಸುತ್ತ ಮರಳು ಚೀಲ ಪೇರಿಸಿ, ಇದ್ದಲ್ಲೇ ಸಿಡಿಸಿದರು. ನಾವೆಲ್ಲ ಹಳ್ಳದಲ್ಲಿ ಕಿವಿ ಮುಚ್ಚಿಕೊಂಡು ಬಗ್ಗಿದ್ದೆವು. ನೆಲವೇ ಒದ್ದ ಹಾಗಾಯಿತು. ಕಾಕಟೂ ಗಿಳಿಗಳೆಲ್ಲ ಒಂದೇ ಸಲ ಮರ ಬಿಟ್ಟು ಎದ್ದವು. ತಗಡಿನ ಚಾವಣಿ ಬೋರಿನ ಆಚೆ ಹೋಗಿ ಬಿದ್ದಿದೆ. ಉಗ್ರಾಣವಿದ್ದ ಜಾಗದಲ್ಲಿ ಗುಂಡಿ. ತರಗತಿಯ ಹಿಂಗೋಡೆ ಹೋಗಿದೆ, ಅದರ ಜೊತೆಗೆ ಹಿಂದಿನ ಬೆಂಚೂ. ಪರ್ಲ್ ಕೂರುವುದು ಆ ಬೆಂಚಿನಲ್ಲಿ.

ಆ ಸದ್ದು ಇಳಿಯಿತು. ಆಮೇಲೆ ಪರ್ಲ್ ಮೆಲ್ಲಗೆ ಕೇಳಿದಳು, "ಅಜ್ಜಿ, ಈಗ ಬಂತಾ?" ಗುಡುಗು ಎಂದುಕೊಂಡಿದ್ದಾಳೆ. "ಇನ್ನೂ ಇಲ್ಲಾ" ಎಂದು ಕೂಗಲು ಯಾವ ಮಗುವಿಗೂ ಬಾಯಿ ಬರಲಿಲ್ಲ. ಅದಾದ ಮೇಲೆ ಅವಳು ಯಾವ ಬಾಟಲಿಯನ್ನೂ ಮುಟ್ಟುತ್ತಿಲ್ಲ, ಹಾಲಿನದನ್ನೂ.

ಸರ್ಟಿಫಿಕೇಟ್ ಹೋಯಿತೇ ಎಂದು ಕೇಳಬೇಡಿ. ಅದನ್ನು ನಾನೇ ಮೊದಲೇ ಇಳಿಸಿದ್ದೆ.

ನನ್ನದೊಂದು ಕೋರಿಕೆ. ಆ ಪಾಠವನ್ನು ಕೊನೆಯ ಮಧ್ಯಾಹ್ನ ಇಡಬೇಡಿ. ಮೊದಲ ದಿನ ಬೆಳಗ್ಗೆ ಇಡಿ. ಇರುವೆ, ಭೂತಗನ್ನಡಿ ಎಲ್ಲ ಆಮೇಲೆ. ಕೊನೆಯ ಮಧ್ಯಾಹ್ನ ದೂರದವರ ವಿಮಾನ ಹೊರಡುತ್ತದೆ.

ನಿಮ್ಮ,
ಡೆಸ್


ಅಡಿಲೇಡ್
21 ಸೆಪ್ಟೆಂಬರ್ 1978

ಪ್ರಿಯ ಡೆಸ್,

ಪರ್ಲ್‌ಗೆ ನನ್ನ ಮುತ್ತು ಕೊಡು. ಐವಿಗೆ ಹೇಳು, ಅವಳ ಬೈಗುಳವನ್ನು ಹಾಗೆಯೇ ತೆಗೆದುಕೊಂಡಿದ್ದೇನೆ. ಅದಕ್ಕೇ ಈ ಪತ್ರದಲ್ಲಿ ಮೊದಲು ಗಾಬರಿ.

ದೂರದವರ ವಿಮಾನ ಎಂದು ಬರೆದೆಯಲ್ಲ, ಅದನ್ನು ಓದಿದಾಗ ಎದ್ದು ಹೋದವನು ನೀನೊಬ್ಬನೇ ಎಂದುಕೊಂಡೆ. ಎದ್ದು ನಾಯಿಗೆ ಊಟ ಹಾಕಲು ಹೋದೆ. ಅದರ ತಟ್ಟೆಯ ಹತ್ತಿರ ಆ ಕೇಕ್ ಡಬ್ಬಿಗಳು ಇದ್ದವು. ಅಲ್ಲೇ ನಿಂತುಬಿಟ್ಟೆ.

ಎರಡು ಡಬ್ಬಿ ತುಂಬ ಮಿಕ್ಕಿತ್ತು ಡೆಸ್. ತಲೆಗೆ ಒಂದರಂತೆ ನಾನೇ ಕತ್ತರಿಸಿ ಜೋಡಿಸಿದ್ದೆ. ಉತ್ತರದವರಿಗೆ ಹಸಿವಿಲ್ಲ ಎಂದು ತಮಾಷೆ ಮಾಡಿದೆ. ಕಣ್ಣು ಮುಚ್ಚಿ ಆ ಕೋಣೆಯನ್ನು ನೆನಪಿಸಿಕೊಂಡೆ. ನಾನು ಕಪ್ಪು ಹಲಗೆಗೆ ಮುಖ ಮಾಡಿ ಹಳದಿ ಚಿತ್ರ ಬರೆಯುತ್ತಿದ್ದೆ. ತಿರುಗಿದಾಗ ಮುಂದಿನ ಸಾಲಿನಲ್ಲಿ ಕ್ಯಾಥರೀನ್ ಪಟ್ಟಣದ ಮೇಷ್ಟ್ರುಗಳು. ಅವರು ಒಣಗಿಸಬೇಡಿ ಎಂದು ಜೋರಾಗಿ ಹೇಳುತ್ತಿದ್ದರು, ಅದಕ್ಕೆ ನನಗೆ ಎಲ್ಲರೂ ಹೇಳುತ್ತಿದ್ದಾರೆ ಎನಿಸಿತು. ಅವರ ಹಿಂದೆ ಕುರ್ಚಿಗಳು ಖಾಲಿ.

ಹೋದವರೆಲ್ಲ ದೂರದವರೇ. ಎಲ್ಲರ ಶಾಲೆಯೂ ಯಾವುದೋ ಹಳೆಯ ಕ್ಲಿನಿಕ್ಕಿನಲ್ಲೋ, ಮಿಷನ್ ಮನೆಯಲ್ಲೋ ಇದೆ. ಎಲ್ಲರಿಗೂ ನಾನು ಸರ್ಟಿಫಿಕೇಟ್ ಕೊಟ್ಟಿದ್ದೇನೆ. ಉಗ್ರಾಣ ತೆರೆದು ಪ್ರತಿಯೊಂದು ಬಾಟಲಿಯನ್ನೂ ತೆಗೆದು ನೋಡಿ ಎಂದು ಮೊದಲ ದಿನ ಹೇಳಿದ್ದನ್ನು ಎಲ್ಲರೂ ಕೇಳಿಸಿಕೊಂಡಿದ್ದಾರೆ.

ಬೆಳಗ್ಗೆಯಿಂದ ಅವರಿಗೆಲ್ಲ ಟೆಲಿಗ್ರಾಂ ಕೊಡುತ್ತಿದ್ದೇನೆ. ಯಾವುದರಲ್ಲೂ ಹಸಿ ಎಂಬ ಪದ ಹಾಕಿಲ್ಲ. ಓದಿದವರು ತಿರುಗಿ ಹೇಳಬೇಕೆಂದು ಬರೆದಿದ್ದೇನೆ.

ಕೆಲವರು ಹೇಳಿದರು. ಉಳಿದವರದು ಇನ್ನೂ ಬಂದಿಲ್ಲ.

ವೆರೆನಾ